ತಪ್ಪು ಸ್ವರದ ಮರುಗಳಿಗೆ

ಮೆಟ್ಟಿಲು ಹತ್ತಿ ಮೇಲೆ ಬನ್ನಿ. ನಾಲ್ಕು ಗಂಟೆಗೆ ಇನ್ನು ಸ್ವಲ್ಪ ಹೊತ್ತಿದೆ. ಯುವಕ ಯುವತಿಯರು ಆಗಲೇ ಬಂದು ಸೇರಿದ್ದಾರೆ. ಒಬ್ಬ ಅಂಗೈ ಉಜ್ಜಿ ಬೆರಳು ಬೆಚ್ಚಗೆ ಮಾಡಿಕೊಳ್ಳುತ್ತಿದ್ದಾನೆ. ಇನ್ನೊಬ್ಬಳು ಕಣ್ಣು ಮುಚ್ಚಿ, ತೊಡೆಯ ಮೇಲೆಯೇ ಏನನ್ನೋ ನುಡಿಸಿಕೊಳ್ಳುತ್ತಿದ್ದಾಳೆ. ಯಾರೂ ಗಟ್ಟಿಯಾಗಿ ಮಾತಾಡುತ್ತಿಲ್ಲ.

ಇದು ಜರ್ಮನಿಯ ವೈಮಾರ್, 1873ರ ಬೇಸಿಗೆ. ಪೇಟೆ ಮುಗಿದು ಇಲ್ಮ್ ಹೊಳೆಯ ಉದ್ಯಾನ ಶುರುವಾಗುವ ಕಡೆ ಇರುವ ಈ ಎರಡಂತಸ್ತಿನ ಮನೆ ಹಿಂದೆ ಅರಮನೆಯ ತೋಟಗಾರರದಾಗಿತ್ತು. ಅದಕ್ಕೇ ಇದರ ಹೆಸರು ಹೋಫ್‌ಗೆರ್ಟ್ನರೈ. 1869ರಲ್ಲಿ ಇಲ್ಲಿನ ದೊರೆ ಕಾರ್ಲ್ ಅಲೆಕ್ಸಾಂಡರ್ ಮಹಡಿಯನ್ನು ಪಿಯಾನೋ ವಾದಕ, ಸಂಗೀತ ರಚನಕಾರ ಫ್ರಾಂಜ್ ಲಿಸ್ಟ್ ಅವರಿಗೆ ಬಿಟ್ಟುಕೊಟ್ಟರು. ಲಿಸ್ಟ್ ವರ್ಷದಲ್ಲಿ ಕೆಲವು ತಿಂಗಳು ರೋಮಿನಲ್ಲಿ, ಕೆಲವು ತಿಂಗಳು ಹಂಗೆರಿಯಲ್ಲಿ, ಬೇಸಿಗೆಯಲ್ಲಿ ಇಲ್ಲಿ ಇರುತ್ತಾರೆ. ಇಲ್ಲಿದ್ದಾಗ ವಾರಕ್ಕೆ ಮೂರು ಮಧ್ಯಾಹ್ನ ಪಾಠ.

ಕೋಣೆಯನ್ನೊಮ್ಮೆ ಕಣ್ತುಂಬ ನೋಡಿಕೊಳ್ಳಿ. ತೆಳು ಬೂದುಬಣ್ಣದ ಗೋಡೆ, ಅದರ ಸುತ್ತ ಹೊನ್ನಿನ ಅಂಚು. ಎರಡು ಕೋಣೆಗಳ ನಡುವೆ ಗೋಡೆಯಿಲ್ಲ, ಕಡುಗೆಂಪು ಪರದೆಗಳಿವೆ. ಕುರ್ಚಿ ಸೋಫಾಗಳೂ ಅದೇ ಕೆಂಪು. ಕಾಲಡಿಯಲ್ಲಿ ರತ್ನಗಂಬಳಿ. ಬರವಣಿಗೆಯ ಮೇಜಿನ ಮೇಲೆ ಶಾಯಿ ಕುಡಿಕೆ, ಕಾಗದ ಹಾರದಂತೆ ಇಡುವ ಭಾರ, ಕಡ್ಡಿಪೆಟ್ಟಿಗೆ ಎಲ್ಲವೂ ಕಂಚಿನವು. ಅವುಗಳ ಮಧ್ಯೆ ಹಾಡಹಗಲಲ್ಲೇ ಒಂದು ಮೇಣದಬತ್ತಿ ಉರಿಯುತ್ತಿದೆ. ಅದು ಸಿಗಾರ್ ಹೊತ್ತಿಸಿಕೊಳ್ಳುವುದಕ್ಕೆ. ಒಂದು ಕಿಟಕಿಯ ಬಳಿ ದೊಡ್ಡ ಗ್ರ್ಯಾಂಡ್ ಪಿಯಾನೋ ಇದೆ. ಬರ್ಲಿನ್‌ನ ಬೆಖ್‌ಸ್ಟೈನ್ ಅದು, ಪ್ರತಿವರ್ಷ ಹೊಸದು ಬರುತ್ತದೆ. ಇನ್ನೊಂದು ಕಿಟಕಿ ಉದ್ಯಾನದ ಕಡೆಗೆ ಹಾರು ಹೊಡೆದಿದೆ. ಎದುರಿಗೇ ಪಾರಿವಾಳದ ಗೂಡು. ಅವು ಮಾಡಿನ ಮೇಲೆ ಅಡ್ಡಾಡುತ್ತವೆ, ನಡುನಡುವೆ ರೆಕ್ಕೆ ಬಡಿದು ಕಿಟಕಿಯ ಕಟ್ಟೆಯ ಮೇಲೇ ಬಂದು ಕೂರುತ್ತವೆ.

ಸ್ವರಲಿಪಿಯ ಹಾಳೆಗಳನ್ನು ಹಿಡಿದು ನಿಂತಿರುವ ಆ ಅಮೆರಿಕದ ಯುವತಿಯೇ ಏಮಿ ಫೇ. ವಯಸ್ಸು 29. ಹುಟ್ಟಿದ್ದು ಲೂಸಿಯಾನಾದಲ್ಲಿ, ಬೆಳೆದದ್ದು ವರ್ಮಾಂಟಿನಲ್ಲಿ, ತಂದೆ ಪಾದ್ರಿ. ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡವಳು. ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ನಲ್ಲಿ ಅಕ್ಕ ಜೀನಾಳ ಮನೆಯಲ್ಲಿದ್ದು, 1869ರಲ್ಲಿ ಪಿಯಾನೋ ಕಲಿಯಲೆಂದೇ ಬರ್ಲಿನ್‌ಗೆ ಬಂದಳು. ಅಲ್ಲಿಂದ ಅಕ್ಕನಿಗೆ, ಮನೆಯವರಿಗೆ ಅವಳು ಬರೆಯುತ್ತಾ ಬಂದ ಪತ್ರಗಳಿಂದಲೇ ನಾವು ಇವತ್ತು ಈ ಕೋಣೆಯೊಳಗೆ ನಿಂತಿದ್ದೇವೆ.

ಅವಳ ಕೈಯಲ್ಲಿರುವ ಕೃತಿ ‘ಓ ಬೋರ್ ದ್ಯೂನ್ ಸೂರ್ಸ್’, ಅಂದರೆ ಚಿಲುಮೆಯ ದಡದಲ್ಲಿ. ಲಿಸ್ಟ್ ಸ್ವಿಟ್ಜರ್ಲೆಂಡಿನ ನೆನಪುಗಳನ್ನು ಸಂಗೀತವಾಗಿಸಿದ ಸಂಪುಟದಲ್ಲಿ ಬರುವ ಪುಟ್ಟ ರಚನೆ. ಅದರ ತಲೆಯ ಮೇಲೆ ಲಿಸ್ಟ್ ಜರ್ಮನ್ ಕವಿ ಶಿಲ್ಲರ್ ಅವರ ಕವಿತೆಯೊಂದರ ಸಾಲನ್ನು ಅಚ್ಚು ಹಾಕಿಸಿದ್ದಾರೆ. ಶಿಲ್ಲರ್ ಕಡೆಯ ವರ್ಷಗಳನ್ನು ಕಳೆದು ಕಣ್ಣು ಮುಚ್ಚಿದ ಮನೆ ಇಲ್ಲಿಂದ ನಡೆದು ಹೋಗುವಷ್ಟು ಹತ್ತಿರ. ಕಿವಿಗೆ ಸರಳವಾಗಿ ಕೇಳುವ ಈ ಕೃತಿ ಕೈಗೆ ಬಹಳ ಕಠಿಣ. ಒಂದಕ್ಕೊಂದು ಅಂಟಿಕೊಂಡಿರುವ ಸ್ವರಗಳು ತಿಕ್ಕಾಡಬೇಕು, ಆ ತಿಕ್ಕಾಟದಲ್ಲೇ ನೀರಿನ ಹೊಳಪು ಕಾಣಬೇಕು. ಹರಿವು ಎಲ್ಲೂ ತುಂಡಾಗದಂತೆ ಎಡಗೈ ಬಲಗೈಯ ಮೇಲಿನಿಂದ ಹಾರಿ ಆಚೆಯ ಸ್ವರವನ್ನು ಮುಟ್ಟಿ ಬರಬೇಕು. ಒಂದು ಸ್ವರ ಒರಟಾದರೂ ನೀರು ಕಲ್ಲಾಗಿಬಿಡುತ್ತದೆ. ಅದನ್ನು ಅವಳು ಈಗ ಬರೆದವರ ಮುಂದೆಯೇ ನುಡಿಸಬೇಕು.

ಬಾಗಿಲ ಕಡೆ ಸದ್ದಾಯಿತು. ಎಲ್ಲರೂ ಎದ್ದು ನಿಂತರು.

ಎತ್ತರದ, ತೆಳ್ಳನೆಯ ಆಳು. ಉಕ್ಕಿನ ಬಣ್ಣದ ಕೂದಲು ಭುಜದವರೆಗೆ ಇಳಿದಿದೆ. ಪೊದೆ ಹುಬ್ಬು. ಬಾಯಿಯ ಎರಡೂ ತುದಿ ಮೇಲಕ್ಕೆ ಬಾಗಿದ್ದು, ನಗುತ್ತಿದ್ದಾರೋ ಇಲ್ಲವೋ ಹೇಳುವುದು ಕಷ್ಟ. ಮೈಮೇಲೆ ಪಾದ್ರಿಯ ಉದ್ದನೆಯ ಕಪ್ಪು ಅಂಗಿ, ಏಕೆಂದರೆ 1865ರಲ್ಲಿ ಅವರು ರೋಮಿನಲ್ಲಿ ಚರ್ಚಿನ ಕಿರಿಯ ದೀಕ್ಷೆ ಪಡೆದಿದ್ದಾರೆ. ಈಗ ವಯಸ್ಸು 61. ಯುರೋಪಿನ ಊರೂರುಗಳನ್ನು ಹುಚ್ಚೆಬ್ಬಿಸಿದ್ದ ಈ ಮನುಷ್ಯ ಹಣಕ್ಕಾಗಿ ಕಛೇರಿ ಮಾಡುವುದನ್ನು 1847ರಲ್ಲಿ, ಇನ್ನೂ 35ರ ಪ್ರಾಯದಲ್ಲಿರುವಾಗಲೇ ನಿಲ್ಲಿಸಿಬಿಟ್ಟರು. ಶಿಷ್ಯರು ಒಬ್ಬೊಬ್ಬರಾಗಿ ಕೈಗೆ ಮುತ್ತಿಡುತ್ತಾರೆ. ಅವರು ಮೇಜಿನ ಮೇಲಿನ ಹಾಳೆಗಳನ್ನು ಒಂದೊಂದಾಗಿ ಮಗುಚಿ ನೋಡಿ, ಒಂದನ್ನು ಎತ್ತಿ ಹಿಡಿದು, ಇದನ್ನು ನುಡಿಸುವವರು ಯಾರು ಎಂದು ಕೇಳುತ್ತಾರೆ. ಸರದಿ ಎಂಬುದಿಲ್ಲ. ಯಾರ ಹಾಳೆ ಕೈಗೆ ಬಂತೋ ಅವರು ಹೋಗಿ ಕೂರಬೇಕು.

ಏಮಿ ಹೋಗಿ ಕೂತಳು. ನುಡಿಸಿದಳು. ಚೆನ್ನಾಗಿ ಬರಲಿಲ್ಲ.

ಎದೆ ಹೊಡೆದುಕೊಳ್ಳುತ್ತಿರುವಾಗ ಬೆರಳಿಗೆ ಏನಾಗುತ್ತದೆ ಎಂದು ವೀಣೆಯಾಗಲಿ ಪಿಟೀಲಾಗಲಿ ಹಿಡಿದು ಗುರುಗಳ ಮುಂದೆ ಕೂತವರಿಗೆ ಗೊತ್ತು. ಮನೆಯಲ್ಲಿ ತಾನಾಗಿ ಓಡುತ್ತಿದ್ದ ಕೈ ಈಗ ಪ್ರತಿ ಸ್ವರಕ್ಕೂ ಅಪ್ಪಣೆ ಕೇಳುತ್ತದೆ. ದಾಟಬೇಕಾದ ಎಡಗೈ ಅರೆಗಳಿಗೆ ತಡವಾಗುತ್ತದೆ. ಅದನ್ನು ಸರಿದೂಗಿಸಲು ಹೋಗಿ ಬಲಗೈ ಅವಸರ ಮಾಡುತ್ತದೆ. ಕೊನೆಯ ಸ್ವರ ಆರಿತು. ಕಿಟಕಿಯಾಚೆ ಪಾರಿವಾಳ. ಏಮಿ ತಲೆ ಎತ್ತಿಲ್ಲ. ಲಿಸ್ಟ್ ಪಕ್ಕದಲ್ಲೇ ನಿಂತಿದ್ದಾರೆ.

ಈ ಗಳಿಗೆಯನ್ನು ಇಲ್ಲೇ ಸ್ವಲ್ಪ ತಡೆದು ಹಿಡಿಯೋಣ. ಶಿಷ್ಯೆ ತಪ್ಪಿ ನುಡಿಸಿದ ಮರುಗಳಿಗೆ ಗುರು ಏನು ಮಾಡುತ್ತಾರೆ ಎಂಬುದರಲ್ಲೇ ಅವರ ವಿದ್ಯೆಯೆಲ್ಲ ತಿಳಿಯುತ್ತದೆ ಎಂದು ಏಮಿಯ ಪತ್ರಗಳನ್ನು ಓದಿದ ಮೇಲೆ ನನಗೆ ಗಟ್ಟಿಯಾಗಿ ಅನ್ನಿಸಿದೆ. ಏಮಿ ಇಂಥ ಗಳಿಗೆಯನ್ನು ಮೊದಲೂ ಕಂಡಿದ್ದಳು.

ಬರ್ಲಿನ್‌ಗೆ ಬನ್ನಿ, ಮೂರು ವರ್ಷ ಹಿಂದಕ್ಕೆ. ಕಾರ್ಲ್ ಟೌಸಿಗ್ ಅವರ ಶಾಲೆ. ವಾರ್ಸಾದಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ವೈಮಾರಿಗೆ ಬಂದು ಲಿಸ್ಟ್ ಅವರ ಬಳಿ ಕಲಿತವರು ಟೌಸಿಗ್. ಆ ಕಾಲದಲ್ಲಿ ಅವರಷ್ಟು ಕರಾರುವಾಕ್ಕಾದ ಕೈ ಇನ್ನೊಬ್ಬರಿಗಿರಲಿಲ್ಲ ಎಂದು ಕೇಳಿದವರೆಲ್ಲ ಹೇಳಿದ್ದಾರೆ. ಇನ್ನೂ 30 ತುಂಬಿಲ್ಲ, ಸಿಡುಕು ಜಾಸ್ತಿ. ಏಮಿ ನುಡಿಸುತ್ತಿದ್ದಾಳೆ. ಒಂದು ಕಡೆ ಎಡವಿದಳು. ಟೌಸಿಗ್ ಕೂಗಾಡಿ, ಅವಳನ್ನು ಪಕ್ಕಕ್ಕೆ ಸರಿಸಿ, ತಾವೇ ಕೂತು ಆ ಭಾಗವನ್ನು ಮಿಂಚಿನ ವೇಗದಲ್ಲಿ ನುಡಿಸಿ ಎದ್ದರು. ಈಗ ನೀನು ಹೀಗೇ ನುಡಿಸು ಎಂಬುದು ಅವರ ಅಪೇಕ್ಷೆ. ಹೇಗೆ ಎಂಬುದಿಲ್ಲ. 1870ರಲ್ಲಿ ಅವರು ಶಾಲೆಯನ್ನೇ ಮುಚ್ಚಿದರು. ಮರುವರ್ಷ ಲೈಪ್‌ಜಿಗ್‌ನಲ್ಲಿ ವಿಷಮಶೀತ ಜ್ವರದಿಂದ ತೀರಿಕೊಂಡರು, 29ರ ವಯಸ್ಸಿನಲ್ಲಿ. ಏಮಿ ಅವರನ್ನು ಕೊನೆಯವರೆಗೂ ಮೆಚ್ಚಿಕೊಂಡೇ ಬರೆದಳು. ಅಂಥ ಕೈಯನ್ನು ಹತ್ತಿರದಿಂದ ಕಂಡ ಯಾರೂ ಅದನ್ನು ಮರೆಯಲಾರರು.

ಆಮೇಲೆ ಥಿಯೋಡೋರ್ ಕುಲ್ಲಾಕ್. 1855ರಲ್ಲಿ ಬರ್ಲಿನ್‌ನಲ್ಲಿ ಸಂಗೀತ ಅಕಾಡೆಮಿ ಕಟ್ಟಿದ ಹಿರಿಯರು, ಪಾಠದಲ್ಲಿ ಪಳಗಿದವರು. ಅಲ್ಲಿ ಎರಡು ಪಿಯಾನೋ. ಒಂದರಲ್ಲಿ ಶಿಷ್ಯೆ, ಇನ್ನೊಂದರಲ್ಲಿ ಗುರು. ಅವಳು ಒಂದು ಸಾಲು ನುಡಿಸಿದರೆ ಅವರು ಅದೇ ಸಾಲನ್ನು ಪುಸ್ತಕ ನೋಡದೆ, ಯಾವಾಗಲೂ ಅವಳಿಗಿಂತ ಚೆನ್ನಾಗಿ ನುಡಿಸುವರು. ಬೈಗುಳವಿಲ್ಲ, ಆದರೆ ಪ್ರತಿ ಸಾಲಿಗೂ ಒಂದು ಸೋಲು.

ಈಗ ವೈಮಾರಿಗೆ ಮರಳೋಣ. ಲಿಸ್ಟ್ ಇನ್ನೂ ಅಲ್ಲೇ ನಿಂತಿದ್ದಾರೆ.

ಅವರ ಮುಖದಲ್ಲಿ ಬೇಸರದ ಗೆರೆಯೂ ಇಲ್ಲ. ಏಮಿ ಬಹಳ ಸೊಗಸಾಗಿ ನುಡಿಸಿದಳು ಎಂಬಂತೆಯೇ ಅವರ ನಡವಳಿಕೆ. ಆಮೇಲೆ ತಾವು ಕೂತು, ಮೊದಲಿಂದ ಕೊನೆಯವರೆಗೆ ಇಡೀ ಕೃತಿಯನ್ನು ನುಡಿಸಿದರು. ಕಿವಿಗೊಟ್ಟು ಕೇಳಿ. ಈಗ ತಿಕ್ಕಾಡುವ ಸ್ವರಗಳಲ್ಲಿ ತಿಕ್ಕಾಟ ಕೇಳಿಸುವುದಿಲ್ಲ, ನೀರೊಳಗೆ ಬಿದ್ದ ಬೆಳಕು ಅಲುಗುವುದಷ್ಟೇ ಕಾಣುತ್ತದೆ. ಎಡಗೈ ಯಾವಾಗ ದಾಟಿತು, ಯಾವಾಗ ಮರಳಿತು ಕಣ್ಣಿಗೇ ಹತ್ತಲಿಲ್ಲ. ಎರಡು ಕೈಗಳ ಕೆಲಸ ಎಂಬುದೇ ಮರೆತುಹೋಯಿತು. ಇಷ್ಟು ದಿನ ತಾನು ಮಾಡಿದ್ದು ಬರೀ ಒರಟು ಕೆಲಸ ಎಂದು ಏಮಿಗೆ ಅನ್ನಿಸಿತು, ಹಾಗೆಂದು ಮನೆಗೆ ಬರೆದಳು ಕೂಡ. ಆದರೆ ಆ ಪತ್ರದಲ್ಲಿ ಅವಮಾನದ ಕಹಿ ಇಲ್ಲ. ತುಂಬಿ ತುಳುಕುವ ಸಂತೋಷ ಇದೆ.

ಟೌಸಿಗ್ ಮಾಡಿದ್ದೂ ಇದನ್ನೇ ತಾನೆ? ಶಿಷ್ಯೆ ತಪ್ಪಿದಳು, ಗುರು ತಾವೇ ನುಡಿಸಿ ತೋರಿಸಿದರು. ಹಾಗಿದ್ದರೆ ಅಲ್ಲಿ ಕುಗ್ಗಿದ ಮನಸ್ಸು ಇಲ್ಲಿ ಅರಳಿದ್ದು ಹೇಗೆ? ನಾನು ಇದನ್ನು ಬಹಳ ಯೋಚಿಸಿದ್ದೇನೆ. ಲಿಸ್ಟ್ ಮೊದಲು ಅವಳನ್ನು ಕೊನೆಯವರೆಗೆ ನುಡಿಸಲು ಬಿಟ್ಟರು. ನಡುವೆ ಕೈ ಹಿಡಿದು ನಿಲ್ಲಿಸಲಿಲ್ಲ. ಹಾಗೆ ಬಿಟ್ಟಾಗ, ಹರುಕುಮುರುಕಾದರೂ ಅದು ಅವಳ ನುಡಿಸಾಣಿಕೆ ಎಂಬ ಮರ್ಯಾದೆ ಸಿಕ್ಕಿತು. ಆಮೇಲೆ ತಾವು ನುಡಿಸಿದ್ದು ಅವಳನ್ನು ತಿದ್ದಲಿಕ್ಕಲ್ಲ, ಆ ಕೃತಿ ಏನೇನಾಗಬಲ್ಲದು ಎಂದು ತೋರಿಸಲಿಕ್ಕೆ. ಇದೇ ಥರ ನುಡಿಸು ಎಂದು ಅವರು ಯಾರಿಗೂ ಹೇಳುವವರಲ್ಲ. ಒಂದೆರಡು ಮಾತು, ಕೈಯ ಒಂದು ಸನ್ನೆ, ಒಂದು ಮುಖಭಾವ. ಉಳಿದದ್ದನ್ನು ಶಿಷ್ಯೆಯೇ ತನ್ನೊಳಗೆ ಹುಡುಕಿಕೊಳ್ಳಬೇಕು. ಹೆದರಿದ ಕಿವಿಗೆ ಸಂಗೀತ ಕೇಳಿಸುವುದಿಲ್ಲ. ಏಮಿಯ ಕಿವಿ ತೆರೆದಿದ್ದರಿಂದ ಅವಳಿಗೆ ಅಂದು ಅಷ್ಟೆಲ್ಲ ಕೇಳಿಸಿತು.

ಇನ್ನೊಮ್ಮೆ ತಪ್ಪಿದ್ದು ಲಿಸ್ಟ್ ಅವರೇ. ಸುತ್ತ ಜನರಿದ್ದಾರೆ. ಕೆಳಗಿನ ಸ್ವರಗಳಿಂದ ಮೇಲಕ್ಕೆ ಸಾಲು ಸಾಲಾಗಿ ಸ್ವರಗಳನ್ನು ಉರುಳಿಸುತ್ತಾ, ತುತ್ತತುದಿಯ ಸ್ವರಕ್ಕೆ ಹೋಗಿ ನಿಲ್ಲಬೇಕು. ಕೈ ಹೋಗಿ ಬಿದ್ದದ್ದು ಅರ್ಧ ಸ್ವರ ಕೆಳಗೆ. ಏಮಿ ಉಸಿರು ಬಿಗಿಹಿಡಿದಳು. ಹೀಗೇ ಅಂತರದಲ್ಲಿ ಬಿಟ್ಟುಬಿಡುತ್ತಾರೋ, ಅಥವಾ ಎಲ್ಲರಂತೆ ತಿದ್ದಿಕೊಂಡು ಸರಿಯಾದುದನ್ನು ಮತ್ತೆ ಒತ್ತುತ್ತಾರೋ? ಲಿಸ್ಟ್ ಮುಖದಲ್ಲಿ ಅರೆನಗೆ ಮೂಡಿತು. ಆ ತಪ್ಪು ಸ್ವರವನ್ನೇ ಆಧಾರ ಮಾಡಿಕೊಂಡು, ಅದಕ್ಕೆ ಒಪ್ಪುವ ಸ್ವರಮೇಳದಲ್ಲಿ ಸಾವಕಾಶವಾಗಿ ಕೆಳಗಿನವರೆಗೆ ಅಲೆಯುತ್ತ ಇಳಿದು ಬಂದರು. ಅಲ್ಲಿಂದ ಮತ್ತೊಮ್ಮೆ ಇನ್ನಷ್ಟು ಗಾಂಭೀರ್ಯದಿಂದ ಮೇಲೇರಿದರು. ಈ ಸಲ ಗುರಿ ತಪ್ಪಲಿಲ್ಲ. ತಪ್ಪಿದ ಸ್ವರದ ಬಗ್ಗೆ ಅವರಿಗೆ ಭಯವಿರಲಿಲ್ಲ, ಆದ್ದರಿಂದ ಶಿಷ್ಯೆ ತಪ್ಪಿದಾಗ ಸಿಟ್ಟೂ ಬರಲಿಲ್ಲ.

ಈ ಕೋಣೆಯಲ್ಲಿ ಹಣದ ಮಾತು ಬರುವುದೇ ಇಲ್ಲ. ಬೇಸಿಗೆಯುದ್ದಕ್ಕೂ ಪಾಠ ಹೇಳಿದರೂ ಲಿಸ್ಟ್ ಒಂದು ಕಾಸು ಮುಟ್ಟುವುದಿಲ್ಲ. ಅದಕ್ಕೆ ಹಿಂದಿನ ಕಥೆಯೊಂದಿದೆ. 1822ರಲ್ಲಿ ಹಂಗೆರಿಯ ಹಳ್ಳಿಯಿಂದ ತಂದೆ ಆಡಮ್ ತನ್ನ ಮಗನನ್ನು ವಿಯೆನ್ನಾಕ್ಕೆ ಕರೆತಂದು ಕಾರ್ಲ್ ಚೆರ್ನಿ ಅವರ ಮುಂದೆ ಕೂರಿಸಿದರು. ಚೆರ್ನಿ ಬೀಥೋವನ್ ಅವರ ಶಿಷ್ಯರು. ಹುಡುಗ ಪ್ರತಿಭಾವಂತ, ಆದರೆ ಬೆರಳು ಅಡ್ಡಾದಿಡ್ಡಿ ಓಡುತ್ತಿತ್ತು. ಚೆರ್ನಿ ಕೆಲವೇ ಪಾಠಗಳ ನಂತರ ಹಣ ತೆಗೆದುಕೊಳ್ಳುವುದನ್ನು ನಿಲ್ಲಿಸಿ, ಸಂಜೆಸಂಜೆ ಕೂರಿಸಿಕೊಂಡು ಕಲಿಸಿದರು. ಮುಂದೆ ಲಿಸ್ಟ್ ತಮ್ಮ ಅತಿ ಕಠಿಣವಾದ 12 ಎಟ್ಯೂಡ್‌ಗಳನ್ನು, ಅಂದರೆ ಅಭ್ಯಾಸ ಕೃತಿಗಳನ್ನು, ಚೆರ್ನಿಗೆ ಅರ್ಪಿಸಿದರು. ಅಂದು ಪಡೆದದ್ದನ್ನು ವೈಮಾರಿನ ಈ ಮಹಡಿಯಲ್ಲಿ ಅಮೆರಿಕದ, ರಷ್ಯಾದ, ಪೋಲೆಂಡಿನ ಮಕ್ಕಳಿಗೆ ಕೊಡುತ್ತಿದ್ದಾರೆ. ಗುರುದಕ್ಷಿಣೆ ಹೀಗೂ ಸಲ್ಲುತ್ತದೆ.

ಆದರೆ ಚೆರ್ನಿ ಕೊಟ್ಟ ಒಂದನ್ನು ಲಿಸ್ಟ್ ಇಲ್ಲಿ ಕೊಡುವುದಿಲ್ಲ. ಬೆರಳಿನ ಪಾಠ. ತಪ್ಪು ಸ್ವರ, ಅರೆಬರೆ ಸ್ಕೇಲು ಇವನ್ನೆಲ್ಲ ಮನೆಯಲ್ಲೇ ತೊಳೆದುಕೊಂಡು ಬರಬೇಕು ಎಂಬುದು ಅವರ ಕಟ್ಟಪ್ಪಣೆ. ಚಿಲುಮೆ ಹೇಗೆ ಹರಿಯಬೇಕೆಂದು ಏಮಿ ಈಗ ಕೇಳಿಬಲ್ಲಳು. ಮನೆಗೆ ಹೋಗಿ ಕೂತರೆ ಕೈ ಮಾತ್ರ ಹಳೆಯದೇ. ಕಿವಿಗೂ ಕೈಗೂ ನಡುವಿನ ದೂರ ಮೊದಲಿಗಿಂತ ಹೆಚ್ಚಾಗಿದೆ.

ಈ ಕಥೆ ಹೇಳುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಲಿಸ್ಟ್ ಅವರ ಪಾದದ ಬಳಿ ಕಳೆದ ಆ ಬೇಸಿಗೆಯ ಮುಂದೆ ಇನ್ನೇನಿದೆ ಎಂಬ ಭಾವನೆ. ನನಗೆ ಮಾತ್ರ ಏಮಿಯ ಮೇಲೆ ಎಲ್ಲಕ್ಕಿಂತ ಹೆಚ್ಚು ಗೌರವ ಹುಟ್ಟುವುದು ಇದರ ನಂತರ. ಶರತ್ಕಾಲದಲ್ಲಿ ಅವಳು ಬರ್ಲಿನ್‌ಗೆ ಹಿಂತಿರುಗಿ ಮತ್ತೆ ಕುಲ್ಲಾಕ್ ಬಳಿ ಸೇರಿದಳು. ವರ್ಷ ಮುಗಿಯುವ ಹೊತ್ತಿಗೆ ಹೊರಗೆ ಅಷ್ಟಾಗಿ ಹೆಸರಿಲ್ಲದ ಒಬ್ಬರ ಬಾಗಿಲು ತಟ್ಟಿದಳು. ಲುಡ್ವಿಗ್ ಡೆಪ್ಪೆ. ಮುಖ್ಯವಾಗಿ ವಾದ್ಯವೃಂದ ನಡೆಸುವವರು. ಲಿಸ್ಟ್ ಶಿಷ್ಯೆ ಎನಿಸಿಕೊಂಡವಳು ಅವರ ಮುಂದೆ ಕೂತು ಮೊದಲ ಪಾಠದಿಂದ ಶುರು ಮಾಡಿದಳು.

ನೀವೂ ಬನ್ನಿ, ಇಲ್ಲಿ ನೋಡಿದರೆ ಸಾಲದು, ಮಾಡಬೇಕು. ಕುರ್ಚಿ ತಗ್ಗಾಗಿರಲಿ. ಎತ್ತರದಲ್ಲಿ ಕೂತು ಮೇಲಿಂದ ಬಡಿದರೆ ಎಂಥ ಭಾವುಕನ ಕೈಯಲ್ಲೂ ಸ್ವರ ಹಾಡುವುದಿಲ್ಲ ಎಂದು ಡೆಪ್ಪೆ ನಂಬಿದ್ದಾರೆ. ಮೊಣಕೈ ಸಡಿಲ. ಮಣಿಕಟ್ಟು ಸಡಿಲ. ಈಗ ಒಂದು ಬೆರಳು. ಅದನ್ನು ಎತ್ತಿ ಹೊಡೆಯಬೇಡಿ. ಮಾಗಿದ ಹಣ್ಣು ತೊಟ್ಟು ಕಳಚಿಕೊಳ್ಳುವ ಹಾಗೆ, ತನ್ನ ಭಾರದಿಂದಲೇ ಬೀಳಲಿ. ಕೇಳಿ. ಇನ್ನೂ ಕೇಳಿ. ಆ ದನಿ ಪೂರ್ತಿ ಕಿವಿಗೆ ಬಂದ ಮೇಲೆ ಮಾತ್ರ ಎರಡನೆಯ ಬೆರಳು. ಮೊದಲನೆಯ ಸ್ವರ ಎರಡನೆಯದರ ಕೈಗೆ ದನಿಯನ್ನು ದಾಟಿಸಬೇಕು, ನಡುವೆ ಸಂದು ಬೀಳಬಾರದು. ಸ್ಕೇಲ್ ನುಡಿಸುವಾಗ ಅಂಗೈಯನ್ನು ಒಟ್ಟುಗೂಡಿಸಿಕೊಂಡು ಬೆರಳ ತುದಿಯಲ್ಲಿ ಆಡಿ. ಹಲವು ಸ್ವರಗಳನ್ನು ಒಟ್ಟಿಗೆ ಹಿಡಿಯುವಾಗ ಕೈ ಪೂರ್ತಿ ಬಿಚ್ಚಿಕೊಳ್ಳಲಿ. ಇವೆರಡೂ ಒಂದಕ್ಕೊಂದು ವಿರುದ್ಧವಾದ ಕೈಗಳು, ಒಂದನ್ನು ಇನ್ನೊಂದರ ಜಾಗದಲ್ಲಿ ತಂದರೆ ತೊಡಕು. ಎಲ್ಲವೂ ನಿಧಾನ, ಏಮಿಯ ತಾಳ್ಮೆ ಪರೀಕ್ಷಿಸುವಷ್ಟು ನಿಧಾನ.

ಅಂದಿನ ಜರ್ಮನಿಗೆ ಇದು ಒಪ್ಪುವ ಮಾತಾಗಿರಲಿಲ್ಲ. ಸ್ಟುಟ್‌ಗಾರ್ಟ್ ಶಾಲೆಯ ಲೆಬರ್ಟ್ ಮತ್ತು ಸ್ಟಾರ್ಕ್ ಬೆರಳನ್ನು ಎತ್ತರಕ್ಕೆ ಎತ್ತಿ, ಕೈ ಅಲುಗಿಸದೆ ಗಂಟೆಗಟ್ಟಲೆ ಕುಟ್ಟಿಸುತ್ತಿದ್ದರು. ಪಿಯಾನೋ ಒಳಗೆ ಇಣುಕಿದರೆ ಡೆಪ್ಪೆ ಹೇಳುವುದರಲ್ಲಿ ಹುರುಳಿದೆ ಎಂದು ಕಾಣುತ್ತದೆ. ಕೀ ಕೆಳಗಿಳಿಯುವುದು ಸುಮಾರು 1 ಸೆಂ.ಮೀ. ಮಾತ್ರ. ಅಷ್ಟರಲ್ಲಿ, ತಂತಿ ಇನ್ನೇನು ಹತ್ತಿರವಾಯಿತು ಎನ್ನುವಾಗ ಸುತ್ತಿಗೆ ಕೀಯಿಂದ ಬಿಡುಗಡೆಯಾಗಿ ತಾನೇ ಹಾರಿ ತಂತಿಯನ್ನು ಮುಟ್ಟುತ್ತದೆ. ಆಮೇಲೆ ಎಷ್ಟು ಒತ್ತಿದರೂ ಸ್ವರ ಬದಲಾಗದು, ತೋಳು ನೋಯುವುದಷ್ಟೇ ಉಳಿಯುತ್ತದೆ. ಹಾಗೆ ತೋಳು ಕೆಟ್ಟ ಪಿಯಾನೋ ವಾದಕರನ್ನು ಡೆಪ್ಪೆ ಕಂಡಿದ್ದರು. 1885ರಲ್ಲಿ ಅವರು ಪ್ರಕಟಿಸಿದ ಲೇಖನ ಆ ನೋವನ್ನು ಕುರಿತದ್ದೇ. ಬೆರಳೊಂದೇ ದುಡಿಯಬಾರದು, ಭುಜದಿಂದ ತೋಳು ಜೊತೆಗಿರಬೇಕು ಎಂಬ ಅವರ ವಿಚಾರವನ್ನು ಮುಂದಿನ ತಲೆಮಾರಿನ ಶಿಕ್ಷಕರು ಹಲವು ಬಗೆಯಲ್ಲಿ ಬೆಳೆಸಿದರು.

ಏಮಿ ಇಲ್ಲೂ ತಪ್ಪುತ್ತಾಳೆ. ಡೆಪ್ಪೆ ಕೂಗಾಡುವುದಿಲ್ಲ, ಕೂತು ನುಡಿಸಿ ಬೆರಗುಗೊಳಿಸುವುದೂ ಇಲ್ಲ. ತಪ್ಪು ಎಲ್ಲಿ ಹುಟ್ಟಿತು ಎಂದು ಹುಡುಕುತ್ತಾರೆ. ಮಣಿಕಟ್ಟು ತಿರುಗಲಿಲ್ಲವೆ? ಹೆಬ್ಬೆರಳು ಅಡಿಯಿಂದ ನುಸುಳುವಾಗ ಕೈ ವಾಲಿತೆ? ಕಿವಿ ಬೇರೆಲ್ಲೋ ಇತ್ತೆ? ಅದನ್ನು ಕಂಡುಹಿಡಿದು ಅಲ್ಲಿಂದ ಬಿಡಿಸುತ್ತಾರೆ. ಕೆಲಸ ಸಾಗಿದಂತೆ ಏಮಿಗೆ ವೈಮಾರಿನಲ್ಲಿ ಕಂಡದ್ದು ಅರ್ಥವಾಗತೊಡಗಿತು. ಲಿಸ್ಟ್ ತಮಗೇ ಅರಿವಿಲ್ಲದಂತೆ, ಹುಟ್ಟುಗುಣದಿಂದ ಮಾಡುತ್ತಿದ್ದದ್ದಕ್ಕೆ ಡೆಪ್ಪೆ ಹೆಜ್ಜೆಹೆಜ್ಜೆಯಾಗಿ ದಾರಿ ಹಾಕಿಟ್ಟಿದ್ದರು. ಲಿಸ್ಟ್ ಅವರನ್ನು ಕೇಳಿರದಿದ್ದರೆ ಆ ನಿಧಾನದ ಅಭ್ಯಾಸ ಯಾತಕ್ಕೆಂದು ಅವಳಿಗೆ ತಿಳಿಯುತ್ತಿರಲಿಲ್ಲ. ಡೆಪ್ಪೆ ಸಿಕ್ಕಿರದಿದ್ದರೆ ಆ ಬೇಸಿಗೆ ಬರೀ ಹಂಬಲವಾಗಿ ಉಳಿಯುತ್ತಿತ್ತು.

1875ರಲ್ಲಿ ಅವಳು ಊರಿಗೆ ಮರಳಿದಳು. ಪತ್ರಗಳಲ್ಲಿ ಕೆಲವು ಆಗಲೇ ‘ಅಟ್ಲಾಂಟಿಕ್ ಮಂತ್ಲಿ’ಯಲ್ಲಿ ಬಂದಿದ್ದವು. 1880ರಲ್ಲಿ ಅಕ್ಕ ಅವನ್ನು ಜೋಡಿಸಿ ‘ಮ್ಯೂಸಿಕ್ ಸ್ಟಡಿ ಇನ್ ಜರ್ಮನಿ’ ಎಂಬ ಪುಸ್ತಕ ಮಾಡಿದಳು. ಅದು ಮತ್ತೆ ಮತ್ತೆ ಅಚ್ಚಾಯಿತು. ಓದಿದ ಎಷ್ಟೋ ಅಮೆರಿಕನ್ ಹುಡುಗ ಹುಡುಗಿಯರು ಜರ್ಮನಿಯ ಹಡಗು ಹತ್ತಿದರು. ಜರ್ಮನ್ ಅನುವಾದ ಬಂದದ್ದು ಲಿಸ್ಟ್ ಅವರದೇ ಸೂಚನೆಯಿಂದ. ಏಮಿ ಷಿಕಾಗೋದಲ್ಲಿ, ಮುಂದೆ ನ್ಯೂಯಾರ್ಕ್‌ನಲ್ಲಿ ನೆಲೆಸಿ, ನುಡಿಸುವ ಮುನ್ನ ಪ್ರತಿ ಕೃತಿಯ ಬಗ್ಗೆ ಸಭಿಕರೊಡನೆ ಮಾತಾಡುವ ‘ಪಿಯಾನೋ ಕಾನ್ವರ್ಸೇಷನ್ಸ್’ ಎಂಬ ಕಛೇರಿಗಳನ್ನು ನಡೆಸಿದಳು. ಡೆಪ್ಪೆಯ ಅಭ್ಯಾಸಗಳನ್ನು ಪುಸ್ತಕವಾಗಿ ಹೊರತಂದಳು. 1903ರಿಂದ 1914ರವರೆಗೆ ನ್ಯೂಯಾರ್ಕ್‌ನ ಮಹಿಳಾ ಫಿಲ್‌ಹಾರ್ಮೊನಿಕ್ ಸೊಸೈಟಿಯ ಅಧ್ಯಕ್ಷೆಯಾಗಿದ್ದಳು. 1928ರಲ್ಲಿ ತೀರಿಕೊಂಡಳು.

ಆ ಪುಸ್ತಕ ಅಚ್ಚಿಗೆ ಹೋಗುವಾಗ, ಲಿಸ್ಟ್ ಮುಂದೆ ಕೈ ನಡುಗಿ ಚಿಲುಮೆಯನ್ನು ಕೆಡಿಸಿದ ಪುಟವನ್ನು ತೆಗೆದುಹಾಕಬಹುದಿತ್ತು. ಆಗಲೇ ಅವಳು ಹೆಸರು ಮಾಡಿದ್ದ ಕಲಾವಿದೆ, ಲಿಸ್ಟ್ ಬದುಕಿದ್ದರು, ಓದುವವರಿದ್ದರು. ಪುಟ ಉಳಿಯಿತು. ಪಿಯಾನೋ ಕಲಿಯುತ್ತಿರುವ ಮಗು ನಿಮ್ಮ ಮನೆಯಲ್ಲಿದ್ದರೆ, ಅಥವಾ ನೀವೇ ಕಲಿಸುವವರಾಗಿದ್ದರೆ, ಆ ಪುಸ್ತಕ ಹುಡುಕಿ ಓದಿ. ವೈಮಾರಿನ ಪತ್ರಗಳು ಮುಗಿದಲ್ಲಿ ಮಡಚಿಡಬೇಡಿ, ಡೆಪ್ಪೆಯ ಪತ್ರಗಳು ಅದರ ಮುಂದಿವೆ.